ನಡುಗುವ ಮುಳ್ಳು

ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಬಯಲುಸೀಮೆಯ ಒಂದು ಜಿಲ್ಲಾ ಪಟ್ಟಣದ ಎಂಜಿನಿಯರಿಂಗ್ ಕಾಲೇಜು. ಹಿಂಬದಿಯ ಕಟ್ಟಡದ ಮಹಡಿಯಲ್ಲಿ, ಕೊನೆಯ ಕೋಣೆಯ ಬೀಗವನ್ನು ತಲೆ ನರೆತ ಮೆಕ್ಯಾನಿಕ್ಕೊಬ್ಬರು ತೆಗೆಯುತ್ತಾರೆ. ಬಾಗಿಲ ಮೇಲೆ 'ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬೊರೇಟರಿ' ಎಂಬ ಹಲಗೆ. ಡಬ್ಬಿಯ ಮೊಸರನ್ನವನ್ನು ಆಗತಾನೇ ಮುಗಿಸಿ ಬಂದ ಇಪ್ಪತ್ತು ಮಂದಿ ವಿದ್ಯಾರ್ಥಿಗಳ ಕಣ್ಣಿನಲ್ಲಿ ನಿದ್ದೆ, ಕಂಕುಳಲ್ಲಿ ರೆಕಾರ್ಡು ಪುಸ್ತಕ, ತುಟಿಯ ಮೇಲೆ 'ಇಂದು ಯಾವ ಪ್ರಯೋಗ?' ಎಂಬ ನಿರುತ್ಸಾಹದ ಪ್ರಶ್ನೆ.

ಹೊರಗಿನವರು ಬಂದು ನೋಡಿದರೆ ಈ ಕೋಣೆಯಲ್ಲಿ ಬೆರಗಾಗುವಂಥದೇನೂ ಇಲ್ಲ. ಕೆಳಗಿನ ಅಂತಸ್ತಿನ ಯಂತ್ರಶಾಲೆಯಲ್ಲಿ ದೊಡ್ಡ ದೊಡ್ಡ ಮೋಟಾರುಗಳು ಗುಡುಗುತ್ತವೆ. ಪಕ್ಕದ ಕಟ್ಟಡದಲ್ಲಿ ಡೀಸೆಲ್ ಎಂಜಿನು ಹೊಗೆಯುಗುಳುತ್ತ ನೆಲವನ್ನೇ ನಡುಗಿಸುತ್ತದೆ. ಇಲ್ಲಿಯಾದರೋ ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಮುಖದಲ್ಲಿ ಡಿಗ್ರಿಗಳನ್ನು ಗುರುತಿಸಿದ ಎರಡು ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಮುಳ್ಳು. ಮೊದಲ ಬಿಲ್ಲೆಯ ಗುಂಡಿಯನ್ನು ಕೈಯಿಂದ ಅರುವತ್ತು ಡಿಗ್ರಿಗೆ ತಿರುಗಿಸಿದರೆ, ಎರಡನೆಯದರ ಮುಳ್ಳು ತಾನಾಗಿಯೇ ಎದ್ದು ಹೊರಟು ಅರುವತ್ತಕ್ಕೆ ಹೋಗಿ ನಿಲ್ಲಬೇಕು. ಅಷ್ಟೇ. ಒಂದು ಮುಳ್ಳು ಇಲ್ಲಿಂದ ಅಲ್ಲಿಗೆ ಹೋಗಿ ನಿಲ್ಲುವುದನ್ನು ಕಾಣುವುದಕ್ಕೆ ಒಂದು ಪ್ರಯೋಗಶಾಲೆಯೇ ಬೇಕೇ ಎಂದು ಯಾರಾದರೂ ಕೇಳಬಹುದು. ಆದರೆ ಹೊರಡುವುದಕ್ಕಿಂತ ನಿಲ್ಲುವುದು ಕಷ್ಟವೆಂಬುದನ್ನು ಬಲ್ಲವರು ಹಾಗೆ ಕೇಳಲಾರರು. ತಲುಪಬೇಕಾದ ಸ್ಥಳಕ್ಕೆ ಬೇಗನೆ ತಲುಪಬೇಕು. ಅದನ್ನು ದಾಟಿ ಬಹಳ ದೂರ ಹೋಗಬಾರದು. ಹೋದರೂ ಬೇಗ ಹಿಂದಿರುಗಿ, ತೂಗಾಡದೆ ನೆಲೆಗೊಳ್ಳಬೇಕು. ಈ ಮೂರು ಬಯಕೆಗಳು ಒಂದರೊಡನೊಂದು ಹೊಂದುವುದಿಲ್ಲ. ಅವುಗಳೊಳಗೆ ರಾಜಿ ಮಾಡಿಸುವ ಶಾಸ್ತ್ರವೇ ನಿಯಂತ್ರಣ ವ್ಯವಸ್ಥೆಗಳ ಎಂಜಿನಿಯರಿಂಗ್.

ಈ ಶಾಸ್ತ್ರದ ಬೀಜಮಂತ್ರವನ್ನು ಕನ್ನಡ ನಾಡಿನ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಸಾರಿಗೆ ಉಪ್ಪು ಹಾಕಿದ ಮೇಲೆ ಆಕೆ ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ರುಚಿ ನೋಡುತ್ತಾಳೆ. ಇರಬೇಕಾದ ರುಚಿ ಆಕೆಯ ಮನಸ್ಸಿನಲ್ಲಿದೆ. ಇರುವ ರುಚಿ ನಾಲಗೆಯ ಮೇಲಿದೆ. ಎರಡಕ್ಕೂ ಇರುವ ಅಂತರವೇ ಆಕೆಯ ಕೈಯನ್ನು ಉಪ್ಪಿನ ಭರಣಿಯ ಕಡೆಗೆ ನಡೆಸುತ್ತದೆ. ಅಂತರ ಇಲ್ಲವಾದೊಡನೆ ಕೈ ನಿಲ್ಲುತ್ತದೆ. ಇದಕ್ಕೆ ಕನ್ನಡದಲ್ಲಿ ಹಿಮ್ಮಾಹಿತಿಯೆಂದು ಹೆಸರಿಟ್ಟಿದ್ದಾರೆ. ಲ್ಯಾಬಿನಲ್ಲಿ ಎಲ್ಲರೂ ಫೀಡ್‌ಬ್ಯಾಕ್ ಎನ್ನುತ್ತಾರೆ. ಗಡಿಯಾರದ ಲೆಕ್ಕಕ್ಕೆ ಹತ್ತುವ ಬೀದಿಯ ದೀಪಕ್ಕೆ ಈ ಭಾಗ್ಯವಿಲ್ಲ. ಹೊರಗೆ ಬಿಸಿಲು ಇನ್ನೂ ಇದ್ದರೂ, ಮಳೆಮೋಡ ಕವಿದು ಕತ್ತಲಾಗಿದ್ದರೂ ಅದು ತನ್ನ ಹೊತ್ತಿಗೇ ಹತ್ತುತ್ತದೆ. ಅದು ಮಾಡುವುದನ್ನು ಮಾಡುತ್ತದೆ. ಮಾಡಿದ್ದು ಏನಾಯಿತೆಂದು ಹಿಂದಿರುಗಿ ನೋಡುವುದಿಲ್ಲ.

ಇರಬೇಕಾದುದಕ್ಕೂ ಇರುವುದಕ್ಕೂ ನಡುವಣ ಅಂತರವನ್ನು ಈ ಶಾಸ್ತ್ರದಲ್ಲಿ 'ಎರರ್', ಅಂದರೆ ತಪ್ಪು ಎಂದು ಕರೆಯುತ್ತಾರೆ. ಲೋಕದಲ್ಲಿ ತಪ್ಪು ಎಂಬುದು ಮುಚ್ಚಿಡಬೇಕಾದ ವಸ್ತು. ಇಲ್ಲಿ ಅದು ಯಂತ್ರಕ್ಕೆ ದಾರಿ ತೋರುವ ದೀಪ. ತಪ್ಪಿನ ಅಳತೆ ಸಿಕ್ಕಿದರೇ ಮೋಟಾರು ತಿರುಗುವುದು. ಸಿಕ್ಕದಿದ್ದರೆ ಅದಕ್ಕೆ ಯಾವ ಕಡೆಗೆ ತಿರುಗಬೇಕೆಂಬುದೇ ತಿಳಿಯದು. ಮುಳ್ಳು ಎಲ್ಲಿದೆಯೆಂಬ ಸಮಾಚಾರವನ್ನು ತರುವ ತಂತಿಯನ್ನು ಕಿತ್ತುಬಿಟ್ಟರೆ, ಮುಳ್ಳು ಅರುವತ್ತನ್ನು ದಾಟಿ, ತೊಂಬತ್ತನ್ನು ದಾಟಿ, ಕೊನೆಯ ತಡೆಗೆ ಹೋಗಿ ಟಕ್ಕೆಂದು ಬಡಿಯುತ್ತದೆ. ಪ್ರತಿ ವರ್ಷವೂ ಮೊದಲ ದಿನ ಅಧ್ಯಾಪಕರು ಇದನ್ನು ಮಾಡಿ ತೋರಿಸುತ್ತಾರೆ. ವಿದ್ಯಾರ್ಥಿಗಳು ನಗುತ್ತಾರೆ. ಆ ನಗುವಿನ ಬೆಲೆ ಒಂದು ವರ್ಷ ಅಧ್ಯಾಪಕರಿಗೇ ತಿಳಿಯಿತು.

ಆ ಕಥೆಗೆ ಮುನ್ನ ಈ ವಿದ್ಯೆಯ ವಂಶಾವಳಿಯನ್ನು ಒಂದಿಷ್ಟು ಹೇಳಬೇಕು. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ತನ್ನ ಜಲಗಡಿಯಾರಕ್ಕೆ ನೀರು ಒಂದೇ ಸಮನೆ ಇಳಿಯುವಂತೆ ತೇಲುಬಿರಡೆಯನ್ನು ಅಳವಡಿಸಿದನೆನ್ನುತ್ತಾರೆ. ೧೭೮೮ರಲ್ಲಿ ಜೇಮ್ಸ್ ವಾಟ್, ಗಾಳಿಗಿರಣಿಗಳಲ್ಲಿ ಬಳಕೆಯಲ್ಲಿದ್ದ ಒಂದು ಉಪಾಯವನ್ನು ತನ್ನ ಉಗಿಯಂತ್ರಕ್ಕೆ ತಂದನು. ತಿರುಗುವ ಕಂಬಕ್ಕೆ ತೂಗುಬಿಟ್ಟ ಎರಡು ಕಬ್ಬಿಣದ ಗುಂಡುಗಳು, ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಅಗಲಿ ಮೇಲೇಳುತ್ತವೆ, ಮೇಲೆದ್ದಂತೆ ಉಗಿಯ ಬಾಗಿಲನ್ನು ಕಿರಿದು ಮಾಡುತ್ತವೆ, ವೇಗ ತಗ್ಗುತ್ತದೆ. ಯಂತ್ರಕ್ಕೆ ತನ್ನ ವೇಗವನ್ನು ತಾನೇ ತಿದ್ದಿಕೊಳ್ಳುವ ವಿವೇಕ ಬಂದಿತು. ಆದರೆ ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಒಂದು ವಿಚಿತ್ರ ಕಂಡಿತು. ಕೆಲವು ಯಂತ್ರಗಳು ಈ ಗುಂಡುಗಳನ್ನು ಕಟ್ಟಿದ ಮೇಲೆ ಶಾಂತವಾಗುವ ಬದಲು ಒಮ್ಮೆ ಓಡುವುದೂ ಒಮ್ಮೆ ಕುಂಟುವುದೂ ಆಗಿ ತೂಗಾಡತೊಡಗಿದವು. ತಿದ್ದುವುದಕ್ಕೆಂದು ಇಟ್ಟದ್ದೇ ಕೆಡಿಸುತ್ತಿತ್ತು. ೧೮೬೮ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಈ ಗವರ್ನರುಗಳನ್ನು ಕುರಿತು ಒಂದು ಲೇಖನ ಬರೆದು, ತಿದ್ದುಪಡಿ ಯಾವಾಗ ನೆಲೆಗೊಳಿಸುತ್ತದೆ, ಯಾವಾಗ ಅಲುಗಾಡಿಸುತ್ತದೆ ಎಂಬುದಕ್ಕೆ ಗಣಿತದ ಉತ್ತರ ಹುಡುಕಿದನು. ರೌತ್ ೧೮೭೭ರಲ್ಲಿ, ಹರ್ವಿಟ್ಸ್ ೧೮೯೫ರಲ್ಲಿ ಆ ಉತ್ತರವನ್ನು ಪೂರ್ಣಗೊಳಿಸಿದರು. ಇಂದಿಗೂ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಕೋಷ್ಟಕ ಅವರಿಬ್ಬರದೇ.

ಈ ವಂಶಾವಳಿಯಲ್ಲಿ ಒಂದು ಕನ್ನಡದ ಹೆಸರೂ ಇದೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಯ ಮೇಲೆ ೧೯೦೩ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಅವು ತಾವಾಗಿಯೇ ತೆರೆಯುತ್ತಿದ್ದವು. ಮಟ್ಟ ಇಳಿದರೆ ತಾವಾಗಿಯೇ ಮುಚ್ಚುತ್ತಿದ್ದವು. ನೀರೇ ತನ್ನ ಕಾವಲನ್ನು ತಾನು ಮಾಡಿಕೊಂಡಿತು. ೧೯೨೭ರ ಆಗಸ್ಟ್ ೨ರಂದು ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಕೆಲಸಕ್ಕೆ ಹೋಗಲು ಹಡ್‌ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ, ದೂರವಾಣಿಯ ಧ್ವನಿವರ್ಧಕದ ಕೊರತೆಯನ್ನು ಅದರ ಫಲದಿಂದಲೇ ತಿದ್ದುವ ಉಪಾಯ ಹೊಳೆದು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆಯೇ ಅದನ್ನು ಗೀಚಿದನು. ಹೀಗೆ ಉಗಿ, ನೀರು, ವಿದ್ಯುತ್ತು ಮೂರೂ ಒಂದೇ ಪಾಠವನ್ನು ಕಲಿತವು.

ಮತ್ತೆ ಆ ಕೊನೆಯ ಕೋಣೆಗೆ ಬರೋಣ. ಅಲ್ಲಿಯ ಅಧ್ಯಾಪಕರಿಗೆ ನಲವತ್ತರ ಆಸುಪಾಸು. ಪಾಠದಲ್ಲಿ ಸಮರ್ಥರು, ಸ್ವಭಾವತಃ ಕೆಟ್ಟವರಲ್ಲ. ವಾರಕ್ಕೆ ಮೂರು ತಂಡ, ತಂಡಕ್ಕೆ ಇಪ್ಪತ್ತು ಮಂದಿ, ಒಟ್ಟು ಅರುವತ್ತು ರೆಕಾರ್ಡು ಪುಸ್ತಕಗಳು ಅವರ ಕೆಂಪು ಮಸಿಗೆ ಕಾಯುತ್ತ ಮೇಜಿನ ಮೇಲೆ ಗೋಪುರವಾಗಿ ನಿಂತಿರುತ್ತಿದ್ದವು. ಆ ಪುಸ್ತಕಗಳನ್ನು ತುಂಬುವ ವಿಧಾನವೊಂದು ವಿದ್ಯಾರ್ಥಿಗಳಲ್ಲಿ ಪರಂಪರೆಯಾಗಿ ಇಳಿದು ಬಂದಿತ್ತು. ಹಿರಿಯರ ರೆಕಾರ್ಡನ್ನು ಕಿರಿಯರು ತಂದು, ಅಂಕಿಗಳನ್ನು ಹಾಗೆಯೇ ಇಳಿಸಿಕೊಳ್ಳುವುದು. ಮುಳ್ಳಿನ ಪ್ರಯೋಗಕ್ಕೆ ಅಂಕಿ ಎಲ್ಲರಿಗೂ ಕಂಠಸ್ಥ: ಮುಳ್ಳು ನಿಂತದ್ದು ಅರುವತ್ತು ಡಿಗ್ರಿ, ಗುರಿಯನ್ನು ದಾಟಿ ಹೋದದ್ದು ಶೇಕಡ ೧೬.೩. ಇದು ಯಾರೋ ಕಂಡದ್ದಲ್ಲ. ತೂಗಾಟವನ್ನು ಅಡಗಿಸುವ ಶಕ್ತಿಯ ಅಳತೆಗೆ ಡ್ಯಾಂಪಿಂಗ್ ಅನುಪಾತವೆಂದು ಹೆಸರು, ಅದು ೦.೫ ಇದ್ದರೆ ಬರಬೇಕಾದ ಉತ್ತರವನ್ನು ಪುಸ್ತಕದ ಸೂತ್ರ ಹಾಗೆ ಹೇಳುತ್ತದೆ. ಸೂತ್ರ ಸರಿ. ಆದರೆ ಯಂತ್ರ ಸೂತ್ರವನ್ನು ಓದಿಕೊಂಡು ಹುಟ್ಟಿದ್ದಲ್ಲ.

ಆ ವರ್ಷದ ತಂಡದಲ್ಲಿ ಒಬ್ಬ ಹಳ್ಳಿಯ ಹುಡುಗನಿದ್ದ. ಮಾತು ಕಡಿಮೆ. ಅವನ ತಾತ ಊರ ಕೆರೆಯ ನೀರುಗಂಟಿಯಾಗಿದ್ದವನು. ತಂದೆ ಈಗ ಪಂಚಾಯತಿಯ ಕೊಳವೆಬಾವಿಯ ವಾಲ್ವುಗಳನ್ನು ಬೀದಿಬೀದಿಗೆ ತಿರುಗಿಸುವವನು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಇವನೇ ಮೊದಲಿಗ. ಲಾಪ್ಲಾಸನ ಗಣಿತದಲ್ಲಿ ಒಮ್ಮೆ ನಪಾಸಾಗಿ ಮತ್ತೆ ಕುಳಿತು ಪಾಸಾಗಿದ್ದ. ತನ್ನ ಸರದಿ ಬಂದಾಗ ಈ ಹುಡುಗ ಗುಂಡಿಯನ್ನು ಅರುವತ್ತಕ್ಕೆ ತಿರುಗಿಸಿ ಮುಳ್ಳನ್ನೇ ನೋಡಿದ. ಮುಳ್ಳು ಹಾರಿ ಎಪ್ಪತ್ತೈದಕ್ಕೆ ಹೋಯಿತು, ಹಿಂದಿರುಗಿತು, ನಡುಗಿತು, ಐವತ್ತೇಳರಲ್ಲಿ ನಿಂತುಬಿಟ್ಟಿತು. ಮೂರು ಸಲ ಮಾಡಿದ. ಮೂರು ಸಲವೂ ಅದೇ. ಗೆಳೆಯರು, "ಅರುವತ್ತು ಅಂತ ಬರೆದುಕೋ ಮಾರಾಯ, ಬಸ್ಸಿಗೆ ಹೊತ್ತಾಯಿತು" ಎಂದರು. ಅವನು ಐವತ್ತೇಳು ಎಂದು ಬರೆದ. ದಾಟಿ ಹೋದದ್ದು ಶೇಕಡ ೨೫ ಎಂದು ಬರೆದ.

ಅಧ್ಯಾಪಕರಿಗೆ ಆ ಮಂಗಳವಾರ ಒಳ್ಳೆಯ ದಿನವಾಗಿರಲಿಲ್ಲ. ಮನೆಯಲ್ಲಿ ಮಗುವಿಗೆ ಜ್ವರ. ಬೆಳಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಫಲಿತಾಂಶದ ವಿಚಾರವಾಗಿ ನಾಲ್ಕು ಮಾತು ಕೇಳಿಯಾಗಿತ್ತು. ಮೇಜಿನ ಮೇಲೆ ಅರುವತ್ತು ಪುಸ್ತಕ. ಐವತ್ತೊಂಬತ್ತರಲ್ಲಿ ಒಂದೇ ಉತ್ತರ. ಒಂದರಲ್ಲಿ ಮಾತ್ರ ಬೇರೆ.

"ಇದೇನಯ್ಯ ಐವತ್ತೇಳು? ಅರುವತ್ತು ಕೇಳಿದರೆ ಐವತ್ತೇಳು ಕೊಡುವುದಕ್ಕೆ ಇದೇನು ಸಂತೆಯ ತಕ್ಕಡಿಯೆ?"

ತರಗತಿ ನಕ್ಕಿತು.

"ಅಲ್ಲೇ ನಿಂತಿತು, ಸಾರ್."

"ನಿಂತದ್ದು ಮುಳ್ಳಲ್ಲ, ನಿನ್ನ ಬುದ್ಧಿ. ಈ ವಿದ್ಯೆ ಎಲ್ಲರಿಗೂ ಒಗ್ಗುವುದಿಲ್ಲ. ಊರಿಗೆ ಹೋಗಿ ಅಪ್ಪನ ಜೊತೆ ವಾಲ್ವು ತಿರುಗಿಸು. ಅದಾದರೂ ಕೈಗೆ ಹತ್ತೀತು."

ಈ ಸಲ ತರಗತಿ ನಗಲಿಲ್ಲ. ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಬಿತ್ತು. ಹುಡುಗ ಪುಸ್ತಕ ತೆಗೆದುಕೊಂಡು ಹೋದ.

ಅದೇ ಕೋಣೆಯ ಇನ್ನೊಂದು ಮೇಜಿನ ಮೇಲೆ ಒಂದು ಸಣ್ಣ ವಿದ್ಯುತ್ ಒಲೆಯಿದೆ. ಅದರ ಶಾಖವನ್ನು ಒಂದೇ ಮಟ್ಟದಲ್ಲಿ ಇಡುವುದು ಮತ್ತೊಂದು ಪ್ರಯೋಗ. ಆ ನಿಯಂತ್ರಕಕ್ಕೆ ಮೂರು ಗುಂಡಿಗಳು. ಒಂದು, ಈ ಕ್ಷಣದ ತಪ್ಪು ಎಷ್ಟಿದೆಯೋ ಅದಕ್ಕೆ ತಕ್ಕಂತೆ ತಿದ್ದುತ್ತದೆ. ಎರಡನೆಯದು, ಹಿಂದಿನಿಂದ ಕೂಡಿಬಂದ ತಪ್ಪನ್ನೆಲ್ಲ ಬಾಕಿಯಂತೆ ಲೆಕ್ಕವಿಟ್ಟು ತಿದ್ದುತ್ತದೆ. ಮೂರನೆಯದು, ತಪ್ಪು ಯಾವ ಕಡೆಗೆ ಸಾಗುತ್ತಿದೆಯೆಂದು ನೋಡಿ ಮುಂಚಿತವಾಗಿ ಕೈ ಹಿಡಿಯುತ್ತದೆ. ವರ್ತಮಾನ, ಭೂತ, ಭವಿಷ್ಯತ್ತು. ಈ ಮೂರನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕೆಂಬುದಕ್ಕೆ ಝೀಗ್ಲರ್ ಮತ್ತು ನಿಕೋಲ್ಸ್ ಎಂಬಿಬ್ಬರು ೧೯೪೨ರಲ್ಲಿ ಕೊಟ್ಟ ನಿಯಮಗಳನ್ನು ಇಂದಿಗೂ ಕಾರ್ಖಾನೆಗಳಲ್ಲಿ ಬಳಸುತ್ತಾರೆ. ಎರಡನೆಯ ಗುಂಡಿಯ ಗುಣ ದೊಡ್ಡದು. ಮುಳ್ಳು ಐವತ್ತೇಳರಲ್ಲಿ ತೃಪ್ತಿಯಿಂದ ಕುಳಿತಂತೆ ಒಲೆಯೂ ಗುರಿಗಿಂತ ಕೆಳಗೆ ಕುಳಿತರೆ, ಅದನ್ನು ಎಬ್ಬಿಸುವುದು ಅದೇ. ಆದರೆ ಅದಕ್ಕೊಂದು ದುರ್ಗುಣವೂ ಉಂಟು. ಒಲೆ ತನ್ನ ಪೂರ್ಣ ಶಕ್ತಿಯಿಂದ ಉರಿಯುತ್ತಿದ್ದರೂ ಶಾಖ ಇನ್ನೂ ಗುರಿ ಮುಟ್ಟದಿದ್ದಾಗ, ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಆಮೇಲೆ ಶಾಖ ಗುರಿಯನ್ನು ಮುಟ್ಟಿದರೂ, ಹಳೆಯ ಬಾಕಿ ತೀರುವವರೆಗೆ ನಿಯಂತ್ರಕ ಉರಿ ತಗ್ಗಿಸುವುದಿಲ್ಲ. ಒಲೆಯಲ್ಲಿದ್ದುದು ಸೀದುಹೋಗುತ್ತದೆ.

ಆ ಮಂಗಳವಾರ ಹುಡುಗನ ಮೇಲೆ ಬಿದ್ದದ್ದು ಮೂರು ಡಿಗ್ರಿಯ ತಪ್ಪಿನ ಕೋಪವಲ್ಲ. ಮಗುವಿನ ಜ್ವರದ್ದು, ಪ್ರಿನ್ಸಿಪಾಲರ ಮಾತಿನದು, ಎಷ್ಟೋ ವರ್ಷಗಳ ಬೇಸರದ್ದು, ಎಲ್ಲ ಬಾಕಿಯೂ ಸೇರಿ ಅವನೊಬ್ಬನ ಲೆಕ್ಕಕ್ಕೆ ಬಿದ್ದಿತು.

ಮುಂದಿನ ಮಂಗಳವಾರ ಹುಡುಗ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ಹಾಜರಿ ಕರೆಯುವಾಗ ಅವನ ಹೆಸರಿಗೆ ಮೌನವೇ ಉತ್ತರವಾಯಿತು. ಕೊನೆಗೆ ಗೆಳೆಯನೊಬ್ಬ ಎದ್ದು, "ಊರಿಗೆ ಹೋಗಿದ್ದಾನೆ, ಸಾರ್. ಬೆಂಗಳೂರಿನಲ್ಲಿ ಯಾವುದೋ ಗೋದಾಮಿನ ಕೆಲಸ ಇದೆಯಂತೆ. ಇನ್ನು ಬರುವುದಿಲ್ಲ ಅಂದ" ಎಂದನು. ಕೆಲಸಕ್ಕೆ ಸೇರಿದ ಹುಡುಗರು ಮತ್ತೆ ಪುಸ್ತಕ ಹಿಡಿದದ್ದನ್ನು ಅಧ್ಯಾಪಕರು ತಮ್ಮ ಹದಿನೈದು ವರ್ಷಗಳ ಅನುಭವದಲ್ಲಿ ಕಂಡಿರಲಿಲ್ಲ.

ಅಂದು ಸಂಜೆ ಎಲ್ಲರೂ ಹೋದ ಮೇಲೆ ಅವರು ಕೋಣೆಯಲ್ಲಿಯೇ ಉಳಿದರು. ಏಕೆ ಉಳಿದರೆಂದು ಅವರನ್ನು ಕೇಳಿದ್ದರೆ ಬಹುಶಃ ರೆಕಾರ್ಡು ತಿದ್ದುವುದಕ್ಕೆ ಎನ್ನುತ್ತಿದ್ದರು. ತಿದ್ದಲಿಲ್ಲ. ಆ ತಗಡಿನ ಪೆಟ್ಟಿಗೆಯ ಮುಂದೆ ಕುಳಿತು ಸ್ವಿಚ್ಚು ಒತ್ತಿದರು. ಗುಂಡಿಯನ್ನು ಅರುವತ್ತಕ್ಕೆ ತಿರುಗಿಸಿದರು. ಮುಳ್ಳು ಎಪ್ಪತ್ತೈದಕ್ಕೆ ಹಾರಿತು, ಹಿಂದಿರುಗಿತು, ನಡುಗಿತು, ಐವತ್ತೇಳರಲ್ಲಿ ನಿಂತಿತು. ಇನ್ನೊಮ್ಮೆ ಮಾಡಿದರು. ಐವತ್ತೇಳು. ತೊಂಬತ್ತರ ಕಡೆಯಿಂದ ಇಳಿಸಿ ನೋಡಿದರು. ಈ ಸಲ ಅರುವತ್ಮೂರರಲ್ಲಿ ನಿಂತಿತು. ಎತ್ತ ಕಡೆಯಿಂದ ಬಂದರೂ ಗುರಿಗೆ ಮೂರು ಡಿಗ್ರಿ ಇರುವಾಗಲೇ ಅದಕ್ಕೆ ಆಯಾಸವಾಗಿಬಿಡುತ್ತಿತ್ತು.

ಅವರು ಎದ್ದು ಹೋಗಿ ಬೀರು ತೆರೆದು ಹಳೆಯ ರೆಕಾರ್ಡುಗಳನ್ನು ತೆಗೆದರು. ಕಳೆದ ವರ್ಷದ್ದು: ಅರುವತ್ತು, ಶೇಕಡ ೧೬.೩. ಅದರ ಹಿಂದಿನ ವರ್ಷದ್ದು: ಅರುವತ್ತು, ಶೇಕಡ ೧೬.೩. ಐದು ವರ್ಷದ ಪುಸ್ತಕಗಳಲ್ಲಿ ಅದೇ ಅಂಕಿ. ಪ್ರತಿಯೊಂದರ ಕೆಳಗೂ ಅದೇ ಕೆಂಪು ಸಹಿ. ಸಹಿ ಅವರದೇ.

ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ಕು, "ಗೇರಿನ ಗ್ರೀಸು ಗಟ್ಟಿಯಾಗಿದೆ, ಸಾರ್" ಎಂದರು. "ಅದಕ್ಕೇ ಹತ್ತಿರ ಬಂದಾಗ ಮುಳ್ಳು ಹಿಡಿದುಕೊಳ್ಳುತ್ತದೆ. ಟ್ಯಾಕೋದ ಬ್ರಷ್ಷೂ ಸವೆದಿದೆ. ಅದಕ್ಕೇ ಹಾರಾಟ ಜಾಸ್ತಿ."

"ನಿಮಗೆ ಮೊದಲೇ ಗೊತ್ತಿತ್ತೇ?"

"ಎರಡು ವರ್ಷದ ಹಿಂದೆ ಸ್ಟಾಕು ಪುಸ್ತಕದಲ್ಲಿ ಬರೆದಿದ್ದೆ, ಸಾರ್."

ಮೆಕ್ಯಾನಿಕ್ಕಿನ ಆ ಎರಡು ಮಾತುಗಳಲ್ಲಿ ಪಾಠವೆಲ್ಲ ಅಡಗಿತ್ತು. ಗುರಿ ಹತ್ತಿರವಾದಂತೆ ತಪ್ಪು ಕಿರಿದಾಗುತ್ತದೆ. ತಪ್ಪು ಕಿರಿದಾದಂತೆ ಮೋಟಾರಿಗೆ ಸಿಕ್ಕುವ ಬಲವೂ ಕಿರಿದಾಗುತ್ತದೆ. ಆ ಬಲ ಗಟ್ಟಿ ಗ್ರೀಸಿನ ತಡೆಯನ್ನು ಗೆಲ್ಲಲಾರದ ಕಡೆಯಲ್ಲಿ ಮುಳ್ಳು ನಿಲ್ಲುತ್ತದೆ. ಇನ್ನು ಟ್ಯಾಕೋಜನರೇಟರು ಎಂಬುದು ಮುಳ್ಳಿನ ವೇಗವನ್ನು ಅಳೆದು, ಅತಿಯಾದ ಓಟಕ್ಕೆ ಹಗ್ಗ ಹಾಕುವ ಪುಟ್ಟ ಯಂತ್ರ. ಅದರ ಬ್ರಷ್ಷು ಸವೆದರೆ ಹಗ್ಗ ಸಡಿಲ. ಡ್ಯಾಂಪಿಂಗ್ ಅನುಪಾತ ೦.೫ರಿಂದ ೦.೪ಕ್ಕೆ ಇಳಿದರೆ ಸಾಕು, ಹದಿನಾರು ಇಪ್ಪತ್ತೈದಾಗುತ್ತದೆ. ಹುಡುಗನ ಎರಡು ಅಂಕಿಗಳೂ ಯಂತ್ರದ ಎರಡು ಕಾಯಿಲೆಗಳನ್ನು ನಿಖರವಾಗಿ ಹೇಳಿದ್ದವು. ಮುನ್ನೂರು ಮಂದಿಯಲ್ಲಿ ಅವನೊಬ್ಬನೇ ನಾಡಿ ಹಿಡಿದು ನೋಡಿದ್ದ. ಅವನೊಬ್ಬನಿಗೇ ಕೆಂಪು ಗೆರೆ ಸಿಕ್ಕಿತ್ತು.

ಮೊದಲ ದಿನ ತಂತಿ ಕಿತ್ತು ತೋರಿಸಿ ನಗಿಸುತ್ತಿದ್ದವರಿಗೆ ತಮ್ಮ ಕೋಣೆಯ ತಂತಿಯೇ ಐದು ವರ್ಷದಿಂದ ಕಡಿದು ಬಿದ್ದಿದೆಯೆಂದು ತಿಳಿದಿರಲಿಲ್ಲ. ರೆಕಾರ್ಡು ಪುಸ್ತಕವಿರುವುದು ಯಂತ್ರ ಹೇಗಿದೆ, ವಿದ್ಯಾರ್ಥಿ ಏನು ಕಂಡ ಎಂಬ ಸಮಾಚಾರವನ್ನು ಅಧ್ಯಾಪಕರಿಗೆ ತರುವುದಕ್ಕೆ. ಅದರಲ್ಲಿ ಎಲ್ಲರೂ ಸರಿಯುತ್ತರವನ್ನೇ ಬರೆಯತೊಡಗಿದಾಗ ಸಮಾಚಾರ ನಿಂತುಹೋಯಿತು. ಸರಿಯುತ್ತರಕ್ಕೆ ಸಹಿಯನ್ನೂ ತಪ್ಪುತ್ತರಕ್ಕೆ ಬೈಗುಳವನ್ನೂ ಕೊಡುತ್ತ ಅವರು ತಮ್ಮ ಕೈಯಿಂದಲೇ ಆ ತಂತಿಯನ್ನು ಕಡಿದಿದ್ದರು.

ಒಡನೆಯೇ ಅವರಿಗೆ ಮತ್ತೊಂದು ಆವೇಶ ಬಂದಿತು. ನಾಳೆಯೇ ಅರುವತ್ತು ರೆಕಾರ್ಡುಗಳನ್ನೂ ಹರಿದು ಹಾಕಿಸಬೇಕು. ಎಲ್ಲರೂ ಎಲ್ಲ ಪ್ರಯೋಗಗಳನ್ನೂ ಮೊದಲಿನಿಂದ ಮಾಡಬೇಕು. ಈ ರಾತ್ರಿಯೇ ಆ ಹಳ್ಳಿಗೆ ಹೊರಟು ಹುಡುಗನನ್ನು ಕರೆತರಬೇಕು. ಹೀಗೆ ಹೇಳುತ್ತ ಅವರು ಗುಂಡಿಯನ್ನು ಗರಗರನೆ ತಿರುಗಿಸುತ್ತಿದ್ದರು. ತಪ್ಪನ್ನು ಎಷ್ಟು ಪಾಲು ಹಿಗ್ಗಿಸಿ ತಿದ್ದಬೇಕೆಂಬುದನ್ನು ಗೊತ್ತುಮಾಡುವ ಗುಂಡಿ ಅದು. ಅದಕ್ಕೆ 'ಗೇನ್' ಎಂದು ಹೆಸರು. ಮುಳ್ಳು ಐವತ್ತೇಳನ್ನು ಬಿಟ್ಟು ಐವತ್ತೊಂಬತ್ತಕ್ಕೆ ಬಂದಿತು. ಆದರೆ ಗುಂಡಿ ಇನ್ನಷ್ಟು ತಿರುಗಿದಾಗ ಆಚೆಗೂ ಈಚೆಗೂ ಬಡಿದಾಡತೊಡಗಿ, ನಿಲ್ಲುವುದನ್ನೇ ಮರೆಯಿತು. ಪೆಟ್ಟಿಗೆ ಗಡಗಡನೆ ಅದುರಿತು.

ಮೆಕ್ಯಾನಿಕ್ಕು ಮೆಲ್ಲನೆ ಬಂದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. "ಗೇನ್ ಸ್ವಲ್ಪ ಕಡಿಮೆ ಮಾಡಿ, ಸಾರ್" ಎಂದರು. ಯಂತ್ರಕ್ಕೆ ಹೇಳಿದರೋ ಮನುಷ್ಯರಿಗೆ ಹೇಳಿದರೋ, ಅವರ ಮುಖದಿಂದ ತಿಳಿಯುವಂತಿರಲಿಲ್ಲ.

ಈ ಶಾಸ್ತ್ರಕ್ಕೆ 'ರೇಖೀಯ' ಎಂಬ ವಿಶೇಷಣವೊಂದಿದೆ. ರೇಖೀಯ ವ್ಯವಸ್ಥೆಯಲ್ಲಿ ಎರಡು ಪಾಲು ಕೊಟ್ಟರೆ ಎರಡು ಪಾಲು ಬರುತ್ತದೆ. ಇಂದು ಕೊಟ್ಟದ್ದರ ಫಲವನ್ನೂ ನಾಳೆ ಕೊಟ್ಟದ್ದರ ಫಲವನ್ನೂ ಕೂಡಿದರೆ, ಎರಡನ್ನೂ ಒಟ್ಟಿಗೆ ಕೊಟ್ಟದ್ದರ ಫಲ ಸಿಕ್ಕುತ್ತದೆ. ಗಣಿತಕ್ಕೆ ಇದಕ್ಕಿಂತ ಸೌಖ್ಯವಿಲ್ಲ. ಆದರೆ ನಿಜವಾದ ಯಾವ ಯಂತ್ರವೂ ಸಣ್ಣದೊಂದು ಎಲ್ಲೆಯೊಳಗೆ ಮಾತ್ರ ರೇಖೀಯ. ಆ ಎಲ್ಲೆಯ ಹೊರಗೆ ಅದು ತಡೆಗೆ ಬಡಿಯುತ್ತದೆ, ಇಲ್ಲವೇ ಮುರಿಯುತ್ತದೆ. ಮನುಷ್ಯನ ಎಲ್ಲೆ ಇನ್ನೂ ಸಣ್ಣದು. ಒಂದು ಕಟುಮಾತಿಗೆ ಒಂದು ಪಾಲು ನೋವು, ಒಂದು ಸಿಹಿಮಾತಿಗೆ ಒಂದು ಪಾಲು ಸಮಾಧಾನ ಎಂಬ ಲೆಕ್ಕ ಅಲ್ಲಿ ನಡೆಯದು.

ಮರುದಿನ ಬೆಳಗ್ಗೆ ಅಧ್ಯಾಪಕರು ಹುಡುಗನ ಮನೆಗೆ ಫೋನು ಮಾಡಿದರು. ಎತ್ತಿಕೊಂಡದ್ದು ತಂದೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ದೊಡ್ಡ ಮಾತುಗಳು ಗಂಟಲಲ್ಲಿ ನಿಂತವು.

"ನಿಮ್ಮ ಮಗ ಬರೆದದ್ದು ಸರಿಯಾಗಿತ್ತು. ಐವತ್ತೇಳೇ ಸರಿ. ನಾನೂ ನೋಡಿದೆ. ನನ್ನದೇ ತಪ್ಪು ಎಂದು ಅವನಿಗೆ ಹೇಳಿ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಹೇಳ್ತೀನಿ, ಸ್ವಾಮಿ."

"ನಾಳೆಯೇ ಬರುತ್ತಾನೆಯೇ?"

"ಅದು ನನ್ನ ಕೈಲಿಲ್ಲ, ಸ್ವಾಮಿ. ತೂಬು ಈಗ ತೆಗೆದಿದ್ದೀರಿ. ಕೊನೇ ಗದ್ದೆಗೆ ನೀರು ಹೋಗೋಕೆ ಹೊತ್ತು ಬೇಕು."

ಮ್ಯಾಕ್ಸ್‌ವೆಲ್ಲನನ್ನು ಓದದ ಮನೆತನದ ವಿದ್ಯೆ ಅದು. ಕೆರೆಯ ತೂಬನ್ನು ಎತ್ತಿದ ಕ್ಷಣದಲ್ಲಿ ಕೊನೆಯ ಗದ್ದೆ ಒದ್ದೆಯಾಗುವುದಿಲ್ಲ. ನೀರು ಕಾಲುವೆಯುದ್ದಕ್ಕೂ ಹರಿದು, ಬಿರುಕುಬಿಟ್ಟ ಮಣ್ಣಿಗೆ ಕುಡಿಸಿ, ಮುಂದೆ ಸಾಗಬೇಕು. ಅನುಭವವಿಲ್ಲದವನು ಕೊನೆಯ ಗದ್ದೆ ಒಣಗಿರುವುದನ್ನು ಕಂಡು ತೂಬನ್ನು ಇನ್ನಷ್ಟು ಎತ್ತುತ್ತಾನೆ. ಇನ್ನೂ ಬರಲಿಲ್ಲವೆಂದು ಮತ್ತಷ್ಟು ಎತ್ತುತ್ತಾನೆ. ಕೊನೆಗೆ ನೀರು ಬರುವಾಗ ಬದು ಒಡೆದುಕೊಂಡು ಬರುತ್ತದೆ. ಬಲ್ಲ ನೀರುಗಂಟಿ ಹದವಾಗಿ ಎತ್ತಿ, ಏರಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಕಾಯುವುದೂ ಅವನ ಕೆಲಸದ ಒಂದು ಭಾಗ. ಮಾಡಿದ್ದಕ್ಕೂ ಅದರ ಫಲ ಕಾಣುವುದಕ್ಕೂ ನಡುವಣ ಈ ವಿಳಂಬವೇ ನಿಯಂತ್ರಣ ಶಾಸ್ತ್ರದ ಅತ್ಯಂತ ಕಠಿಣವಾದ ಶತ್ರು. ವಿಳಂಬ ಹೆಚ್ಚಿದಂತೆ ಗೇನ್ ತಗ್ಗಬೇಕೆಂದು ಪುಸ್ತಕಗಳು ಹೇಳುತ್ತವೆ. ಅಧ್ಯಾಪಕರು ಇದನ್ನು ಹದಿನೈದು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದರು.

ಹುಡುಗ ಮರುದಿನ ಬರಲಿಲ್ಲ. ಆ ವಾರವೇ ಬರಲಿಲ್ಲ. ಫೋನಿನ ಕಡೆಗೆ ಅಧ್ಯಾಪಕರ ಕೈ ಎಷ್ಟೋ ಸಲ ಹೋಯಿತು. ಅಷ್ಟೇ ಸಲ ಹಿಂದಿರುಗಿತು. ಈ ನಡುವೆ ಅವರು ಉಳಿದವರ ರೆಕಾರ್ಡುಗಳನ್ನು ಹರಿಯಲಿಲ್ಲ, ಯಾರನ್ನೂ ಬೈಯಲಿಲ್ಲ. ಪೆಟ್ಟಿಗೆಯ ಸುತ್ತ ಎಲ್ಲರನ್ನೂ ನಿಲ್ಲಿಸಿ, "ಏನು ಕಾಣುತ್ತದೆ, ನೋಡಿ ಹೇಳಿ" ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಂಜುತ್ತ, "ಐವತ್ತೇಳು, ಸಾರ್" ಎಂದಳು. ಅವರು ಕಪ್ಪು ಹಲಗೆಯ ಮೇಲೆ ೫೭ ಎಂದು ಬರೆದು, "ಏಕೆ?" ಎಂದು ಪಕ್ಕದಲ್ಲಿ ಬರೆದರು. ಅಂದಿನ ಮೂರು ಗಂಟೆ ಹೇಗೆ ಕಳೆಯಿತೆಂದು ಯಾರಿಗೂ ತಿಳಿಯಲಿಲ್ಲ. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಅದರ ಮುಂದಿನ ಮಂಗಳವಾರ, ಎರಡು ಗಂಟೆ ಹತ್ತು ನಿಮಿಷಕ್ಕೆ, ಬಾಗಿಲಲ್ಲಿ ಆ ಹುಡುಗ ನಿಂತಿದ್ದ. ಅಧ್ಯಾಪಕರು ಭಾಷಣ ಮಾಡಲಿಲ್ಲ. ಅವನ ರೆಕಾರ್ಡನ್ನು ಕೇಳಿ ತೆಗೆದುಕೊಂಡು, ಕೆಂಪು ಗೆರೆಯ ಕೆಳಗೆ 'ಪ್ರಯೋಗ ಮತ್ತೆ ಮಾಡಿ ನೋಡಲಾಗಿದೆ. ಅಂಕಿಗಳು ಸರಿ' ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದರು. ಗೆರೆಯನ್ನು ಅಳಿಸಲಿಲ್ಲ. ಅದೂ ಕಂಡದ್ದರ ದಾಖಲೆಯೇ.

ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಅವನಿಗೆ ಅದೇ ಪ್ರಯೋಗ ಬಂದಿತು. ಹೊರಗಿನಿಂದ ಬಂದ ಪರೀಕ್ಷಕರು ಹುಬ್ಬು ಗಂಟಿಕ್ಕಿ, "ಅರುವತ್ತಕ್ಕೆ ಏಕೆ ಹೋಗಲಿಲ್ಲ?" ಎಂದು ಕೇಳಿದರು. ಅವನು ಗ್ರೀಸಿನ ಮಾತು ಹೇಳಿದ, ಬ್ರಷ್ಷಿನ ಮಾತು ಹೇಳಿದ. "ಹಾಗಾದರೆ ಗೇನ್ ಹೆಚ್ಚಿಸಿದರೆ ಆಯಿತಲ್ಲ?" ಎಂದರು ಪರೀಕ್ಷಕರು. "ಹೆಚ್ಚಿಸಬಹುದು, ಸಾರ್. ಹತ್ತಿರ ಹೋಗುತ್ತದೆ. ಆದರೆ ಆಮೇಲೆ ನಿಲ್ಲುವುದಿಲ್ಲ" ಎಂದ. ಕೋಣೆಯ ಮೂಲೆಯಲ್ಲಿ ಕುಳಿತಿದ್ದ ಅಧ್ಯಾಪಕರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಯಂತ್ರದ ದುರಸ್ತಿಗೆ ಕಾಗದಪತ್ರಗಳು ನಡೆದು ಹಣ ಮಂಜೂರಾಗುವಷ್ಟರಲ್ಲಿ ಮತ್ತೊಂದು ವರ್ಷ ಬಂದಿತು. ಅಲ್ಲಿಯವರೆಗೆ ಪೆಟ್ಟಿಗೆಯ ನೆತ್ತಿಯ ಮೇಲೆ ಮೆಕ್ಯಾನಿಕ್ಕು ಅಂಟಿಸಿದ ಚೀಟಿಯೊಂದಿತ್ತು: 'ಈ ಮುಳ್ಳು ಮೂರು ಡಿಗ್ರಿ ಹಿಂದೆ ನಿಲ್ಲುತ್ತದೆ. ಕಂಡದ್ದನ್ನೇ ಬರೆಯಿರಿ.' ಹೊಸ ಬ್ರಷ್ಷು ಹಾಕಿ, ಹಳೆಯ ಗ್ರೀಸು ತೊಳೆದು, ಹೊಸದನ್ನು ಹಚ್ಚಿದ ದಿನ ಅಧ್ಯಾಪಕರೂ ಮೆಕ್ಯಾನಿಕ್ಕೂ ಪೆಟ್ಟಿಗೆಯ ಮುಂದೆ ಕುಳಿತು ಗುಂಡಿ ತಿರುಗಿಸಿದರು. ಮುಳ್ಳು ಎಪ್ಪತ್ತರವರೆಗೆ ಹೋಗಿ, ಹಿಂದಿರುಗಿ, ಒಂದೆರಡು ಸಲ ನಡುಗಿ ನಿಂತಿತು. ಇಬ್ಬರೂ ಬಗ್ಗಿ ನೋಡಿದರು.

ಐವತ್ತೊಂಬತ್ತು.

ಮೆಕ್ಯಾನಿಕ್ಕು ಹಳೆಯ ಚೀಟಿಯಲ್ಲಿ 'ಮೂರು' ಎಂಬುದನ್ನು ಹೊಡೆದು 'ಒಂದು' ಎಂದು ಬರೆದು, ಮತ್ತೆ ಅದೇ ಜಾಗದಲ್ಲಿ ಅಂಟಿಸಿದರು.